ತಾಲ್ಲೂಕಿಗೊಬ್ಬ ವಂಶಾವಳಿಕಾರ

ಪೌತಿ ಖಾತೆಗೆಂದು ನಾಡಕಚೇರಿಗೆ ಹೋದವರಿಗೆ ವಂಶವೃಕ್ಷ ಬೇಕು. ಮುತ್ತಜ್ಜನ ಹೆಸರೇ ಗೊತ್ತಿಲ್ಲದೆ ತಡವರಿಸುವುದು ಆಗಲೇ!

ಕನ್ನಡನಾಡಿನಲ್ಲಿ ಈ ಲೆಕ್ಕ ಇಟ್ಟವರು ಹೆಳವರು. ಎತ್ತಿನೊಡನೆ ಬಂದು, ಅಂಗಳದಲ್ಲಿ ತಲೆಮಾರುಗಳ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳುಕಡಿ ಪಡೆದು ಹೋಗುತ್ತಿದ್ದರು. ಅಮೆರಿಕದ ಕೆಂಟಕಿಯಲ್ಲಿ 1996ರಲ್ಲಿ ಸ್ವಯಂಸೇವಕರು ಇಂಥದೇ ಕೆಲಸಕ್ಕೆ ಕಂಪ್ಯೂಟರ್ ಹಿಡಿದರು, ಕೌಂಟಿಗೊಬ್ಬರು, ಸಂಬಳವಿಲ್ಲ.

ಚಿತ್ರದುರ್ಗದ ನಾಯಕರ ವಂಶಕ್ಕೆ ಶಾಸನಗಳಿವೆ. ಹುಲ್ಲೂರು ಶ್ರೀನಿವಾಸ ಜೋಯಿಸರು ಹಳೆಯ ಕಾಗದಪತ್ರ ಕೂಡಿಹಾಕಿದರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ರೈತನ ಮನೆತನಕ್ಕೆ ಯಾರಿದ್ದಾರೆ? ತಾಲ್ಲೂಕಿಗೊಬ್ಬ ಉತ್ಸಾಹಿ ಸಿಕ್ಕರೂ ಸಾಕು. ಆತ ಮೊದಲು ಕೂರಬೇಕಾದದ್ದು ಅಜ್ಜಿಯರ ಬಳಿ. ಗಂಡುಸಾಲನ್ನಷ್ಟೇ ಹಿಡಿದ ವಂಶವೃಕ್ಷದಲ್ಲಿ ಬಿಟ್ಟುಹೋದ ಹೆಣ್ಣುಮಕ್ಕಳ ಹೆಸರು, ಸೊಸೆಯಂದಿರ ತವರೂರು ಅವರ ಬಾಯಲ್ಲಿವೆ.