ಬಿಸಿಯಾಗಿ ನಿಂತ ಎಂಜಿನ್: ಮೊದಲು ಪರೀಕ್ಷೆ, ಆಮೇಲೆ ತೀರ್ಪು

(ಮಾಜಾಳಿಯಲ್ಲಿ ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಶಿಕ್ಷಕನಿಗೆ ದೋಣಿಯ ಎಂಜಿನ್ನಿನ ಮಾತೇಕೆ ಎಂದು ತಮಗೆ ಅನ್ನಿಸಬಹುದು. ನಮ್ಮ ಮಾಜಾಳಿ ಗೋವಾ ಗಡಿಗೆ ಹತ್ತಿಕೊಂಡ ಕಡಲೂರು. ಇಲ್ಲಿ ಎಂಜಿನ್ ಕೆಟ್ಟಿತೆಂದರೆ ಅಂದಿನ ಮೀನು, ಆ ವಾರದ ಕಿರಾಣಿ, ಮಗುವಿನ ಪುಸ್ತಕದ ಹಣ ಎಲ್ಲವೂ ದಡದಲ್ಲೇ ನಿಂತಂತೆ. ಆಗ ಎರಡು ಬಗೆಯ ಆತುರ ನಮ್ಮನ್ನು ಕಾಡುತ್ತದೆ. “ತಣ್ಣಗಾಯಿತು, ಎಳೆದು ನೋಡು” ಎಂದು ಹಗ್ಗ ಎಳೆಯುವುದು ಒಂದು. “ಎಂಜಿನ್ ಹೋಯಿತು, ಹೊಸದೇ ಬೇಕು” ಎಂಬ ಮಾತನ್ನು ನಂಬಿ ಸಾಲಕ್ಕೆ ಓಡುವುದು ಇನ್ನೊಂದು. ಇವೆರಡರ ನಡುವೆ ಪರೀಕ್ಷೆ ಎಂಬ ದಾರಿಯಿದೆ. ಇಂದು ನಾನು ಹೇಳಬೇಕೆಂದಿರುವುದು ಅದನ್ನೇ.

ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನನ್ನು ತಂಪಾಗಿಡುವುದು ಸಮುದ್ರದ ನೀರೇ. ಕೆಳಗಿನ ಪಂಪಿನಲ್ಲಿ ರಬ್ಬರಿನ ರೆಕ್ಕೆಗಳುಳ್ಳ ಇಂಪೆಲ್ಲರ್ ತಿರುಗಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ಎಂಜಿನ್ನಿನ ಪಕ್ಕದಿಂದ ಸಣ್ಣ ಧಾರೆ ಹೊರಬೀಳುತ್ತಿದ್ದರೆ ಪಂಪ್ ಕೆಲಸ ಮಾಡುತ್ತಿದೆ ಎಂದರ್ಥ. ನಮ್ಮಲ್ಲಿ ದೋಣಿಯನ್ನು ಮರಳಿನ ದಡದಿಂದಲೇ ನೂಕುತ್ತೇವೆ. ಆಳ ಸಿಗುವ ಮೊದಲೇ ಎಂಜಿನ್ ಶುರು ಮಾಡಿದರೆ ನೀರಿನೊಡನೆ ಮರಳೂ ಒಳಗೆ ಹೋಗಿ ರಬ್ಬರನ್ನು ಸವೆಸುತ್ತದೆ. ಕೆಲವೊಮ್ಮೆ ಪ್ಲಾಸ್ಟಿಕ್ ಚೀಲ ಬಂದು ನೀರಿನ ಬಾಯಿಯನ್ನೇ ಮುಚ್ಚುತ್ತದೆ. ಉಪ್ಪು ಕಟ್ಟಿ ಒಳದಾರಿ ಕಿರಿದಾಗುತ್ತದೆ. ಮಳೆಗಾಲವೆಲ್ಲ ಮೂಲೆಯಲ್ಲಿದ್ದ ಎಂಜಿನ್ನಿನಲ್ಲಿ ರಬ್ಬರ್ ಬಿರುಸಾಗಿರುತ್ತದೆ.

ನೀರು ನಿಂತಾಗ ಒಳಗೆ ಆಗುವುದೇನು? ಪಿಸ್ಟನ್ ಅಲ್ಯೂಮಿನಿಯಂನದು, ಅದು ಓಡಾಡುವ ಸಿಲಿಂಡರಿನ ಒಳಗೋಡೆ ಸಾಮಾನ್ಯವಾಗಿ ಕಬ್ಬಿಣದ್ದು. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ನಡುವಿನ ಕೂದಲೆಳೆಯಷ್ಟು ಜಾಗ ಮುಗಿದು, ಎಣ್ಣೆಯ ಪದರ ಹರಿದು, ಪಿಸ್ಟನ್ ಗೋಡೆಗೆ ಉಜ್ಜಿ ಹಿಡಿದುಕೊಳ್ಳುತ್ತದೆ. ಇದನ್ನೇ ನಾವು “ಜಾಮ್ ಆಯಿತು” ಎನ್ನುತ್ತೇವೆ. ಮೇಲಿನ ಹೆಡ್ ಸೊಟ್ಟಗಾಗಬಹುದು, ಗ್ಯಾಸ್ಕೆಟ್ ಸುಡಬಹುದು. ಆದರೆ ಬೇಗ ನಿಲ್ಲಿಸಿದ್ದರೆ ಇದಾವುದೂ ಆಗದೆ ಬರೀ ಇಂಪೆಲ್ಲರ್ ಹಾಳಾಗಿರುವ ಸಂಭವವೂ ಉಂಟು.

ಆದ್ದರಿಂದ ಧಾರೆ ನಿಂತದ್ದು ಕಂಡ ಕೂಡಲೇ ಎಂಜಿನ್ ಆರಿಸಬೇಕು, ಲಂಗರು ಹಾಕಬೇಕು. ಕಾದ ಲೋಹದ ಮೇಲೆ ತಣ್ಣೀರು ಸುರಿಯಬಾರದು, ಅದು ಬಿರುಕು ಬಿಡಬಹುದು. ಎಂಜಿನ್ನನ್ನು ಮೇಲೆತ್ತಿ ನೀರಿನ ಬಾಯಿಗೆ ಏನಾದರೂ ಸಿಕ್ಕಿದೆಯೇ ನೋಡಬೇಕು. ಅಪಾಯವಿದ್ದರೆ ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554 ಸಂಖ್ಯೆಗಳನ್ನು ಮನೆಮಂದಿಯೆಲ್ಲ ಬಾಯಿಪಾಠ ಮಾಡಿಕೊಂಡಿರಲಿ.

ದಡಕ್ಕೆ ಬಂದು ಪೂರ್ತಿ ತಣಿದ ಮೇಲೆ ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸೋಣ. ಮೊದಲು ಪ್ಲಗ್ಗುಗಳನ್ನು ಬಿಚ್ಚಿ, ಫ್ಲೈವೀಲನ್ನು ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಸಲೀಸಾಗಿ ತಿರುಗಿದರೆ ಒಳ್ಳೆಯ ಸೂಚನೆ. ಒಂದೇ ಜಾಗದಲ್ಲಿ ತಡೆದರೆ, ಕೆರೆದ ಸದ್ದು ಬಂದರೆ ಬಲ ಹಾಕಬಾರದು.

ಎರಡನೆಯದು ಪ್ಲಗ್ಗಿನ ಸಾಕ್ಷಿ. ಅದರ ತುದಿಯಲ್ಲಿ ಬೆಳ್ಳಿಯಂಥ ಸಣ್ಣ ಕಣಗಳಿದ್ದರೆ ಪಿಸ್ಟನ್ ಕರಗಿದೆ ಎಂದು ತಿಳಿಯಬೇಕು. ನೀರಿನ ಹನಿಗಳಿದ್ದರೆ ಗ್ಯಾಸ್ಕೆಟ್ ಮೇಲೆ ಸಂಶಯ.

ಮೂರನೆಯದು ಕಂಪ್ರೆಶನ್ ಗೇಜ್. ಎರಡು ಸಿಲಿಂಡರುಗಳ ಅಳತೆ ಹೆಚ್ಚುಕಡಿಮೆ ಒಂದೇ ಇರಬೇಕು. ಶೇ. 10-15ಕ್ಕಿಂತ ಹೆಚ್ಚು ಅಂತರವಿದ್ದರೆ ಕಡಿಮೆ ತೋರಿದ ಕಡೆ ರೋಗವಿದೆ. ಈ ಪರೀಕ್ಷೆಯಲ್ಲಿ ಪ್ಲಗ್ಗಿನ ವೈರುಗಳನ್ನು ಎಂಜಿನ್ ಲೋಹಕ್ಕೆ ತಾಗಿಸಿ ಕಟ್ಟಿರಬೇಕು, ಇಲ್ಲವಾದರೆ ಕಿಡಿ ಹಾರಿ ಪೆಟ್ರೋಲಿನ ಆವಿಗೆ ಬೆಂಕಿ ತಗಲೀತು.

ಇಷ್ಟಾದ ಮೇಲೂ ಸಂಶಯವಿದ್ದರೆ ಮಾತ್ರ ಹೆಡ್ ಬಿಚ್ಚಿಸಬೇಕು. ಸಿಲಿಂಡರ್ ಗೋಡೆಯ ಗೀರಿನ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ, ಬಳಿದುಕೊಂಡ ಅಲ್ಯೂಮಿನಿಯಂ ತೆಗೆದು, ಹೋನಿಂಗ್ ಮಾಡಿ ಉಳಿಸುವ ಆಸೆಯಿದೆ. ಸಿಕ್ಕಿಕೊಂಡರೆ ಬೋರಿಂಗ್ ಅನಿವಾರ್ಯ. ಪಿಸ್ಟನ್ನಿನ ತಲೆಯ ಒಂದು ಭಾಗ ಮಸಿಯಿಲ್ಲದೆ ತೊಳೆದಂತೆ ಕಂಡರೆ ಅಲ್ಲಿ ನೀರು ನುಗ್ಗಿದೆ. ಹೆಡ್ಡಿನ ಮೇಲೆ ನೇರ ಪಟ್ಟಿಯಿಟ್ಟು ಫೀಲರ್ ಗೇಜಿನಿಂದ ಸೊಟ್ಟ ಅಳೆಯಬೇಕು. ಇಂಪೆಲ್ಲರಿನ ರೆಕ್ಕೆ ಮುರಿದಿದ್ದರೆ ಚೂರನ್ನು ಹುಡುಕಿ ತೆಗೆಯಲೇಬೇಕು. ಬಿಟ್ಟರೆ ಅದೇ ಚೂರು ನಾಳೆ ದಾರಿಗೆ ಅಡ್ಡಬಂದು ಎಂಜಿನ್ ಮತ್ತೆ ಕಾಯುತ್ತದೆ. ನೀರು ಸರಿಯಾಗಿ ಬರುತ್ತಿದ್ದೂ ಜಾಮ್ ಆಗಿದ್ದರೆ, ಇಂಧನದಲ್ಲಿ ಎಣ್ಣೆ ಬೆರೆಸಿದ ಪ್ರಮಾಣವನ್ನು ವಿಚಾರಿಸಬೇಕು.

ದೊಡ್ಡ ಬೋಟುಗಳ ಡೀಸೆಲ್ ಎಂಜಿನ್ನಿನಲ್ಲಿ ಮೊದಲು ಎಣ್ಣೆಯ ಕಡ್ಡಿ ಎಳೆದು ನೋಡಿ. ಎಣ್ಣೆ ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ. ಅಂಥ ಎಂಜಿನ್ನನ್ನು ಒಂದು ನಿಮಿಷವೂ ಓಡಿಸಬಾರದು, ಬೇರಿಂಗುಗಳೂ ಹಾಳಾಗುತ್ತವೆ.

ಪಾಲಕರೇ, ಮೆಕ್ಯಾನಿಕ್‌ಗಳ ಮೇಲೆ ಅಪನಂಬಿಕೆ ಬೇಡ. ಆದರೆ “ಅಣ್ಣಾ, ಯಾವ ಭಾಗ ಹೋಗಿದೆ, ಅಳತೆ ಎಷ್ಟು ಬಂತು, ಕಾರಣವೇನು?” ಎಂದು ಕೇಳುವ ಹಕ್ಕು ನಮಗಿದೆ. ಕಾರಣ ಸಿಗದೆ ಹಾಕಿದ ಹೊಸ ಪಿಸ್ಟನ್ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ವಿದ್ಯಾರ್ಥಿಗಳೇ, ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಇಂಪೆಲ್ಲರ್ ಬದಲಿಸಿದ ದಿನಾಂಕ, ಕಂಪ್ರೆಶನ್ ಅಳತೆ, ಸಿಹಿನೀರಿನಿಂದ ತೊಳೆದ ದಿನ ಬರೆಯಿರಿ. ಉರ್ದುವಿನಲ್ಲಿ ಬರೆದರೂ ಸರಿ, ಕನ್ನಡದಲ್ಲಿ ಬರೆದರೂ ಸರಿ. ಎಂಜಿನ್ ಚೆನ್ನಾಗಿದ್ದಾಗಿನ ಅಳತೆ ಗೊತ್ತಿದ್ದರೆ ತಾನೆ ಕೆಟ್ಟಾಗ ಎಷ್ಟು ಕೆಟ್ಟಿದೆ ಎಂದು ಹೇಳಲಾದೀತು? ನೀವು ಕಲಿತ ಅಕ್ಷರ ತಂದೆಯ ದುಡಿಮೆಯನ್ನು ಉಳಿಸುವ ಬಗೆ ಇದು.