ಪುಟ್ಟ ರೈಲ್‌ಬಸ್ಸಿನ ದೊಡ್ಡ ಲೆಕ್ಕ



ಈ ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ಸ್ಟುಡಿಯೋದ ಮೇಜಿನ ಮೇಲೆ ಮಾದರಿ ರೈಲಿನ ಹಳಿಗಳನ್ನು ಜೋಡಿಸಿ, ಅವುಗಳ ಮೇಲೆ ಒಂದು ಪುಟ್ಟ ರೈಲ್‌ಬಸ್ಸನ್ನು ಇಟ್ಟಿದ್ದೆವು. ದೀಪಗಳು ಬೆಳಗಿದವು, ಕ್ಯಾಮೆರಾ ಸಿದ್ಧವಾಯಿತು, ನಾನು ಗುಂಡಿ ತಿರುಗಿಸಿದೆ. ರೈಲ್‌ಬಸ್ ಎರಡು ಗೇಣು ಓಡಿ, ಹಳಿ ಕವಲೊಡೆಯುವ ಜಾಗದಲ್ಲಿ ನಿಂತುಬಿಟ್ಟಿತು. ಬೆರಳಿನಿಂದ ತಳ್ಳಿದರೆ ಹೊರಡುತ್ತದೆ, ಸುತ್ತಿ ಬಂದು ಅಲ್ಲೇ ಮತ್ತೆ ನಿಲ್ಲುತ್ತದೆ. ಅದೇ ಹಳಿಯ ಮೇಲೆ ಎಂಟು ಗಾಲಿಗಳ ಡೀಸೆಲ್ ಎಂಜಿನ್ನಿನ ಮಾದರಿಯನ್ನು ಇಟ್ಟರೆ ಅದು ಏನೂ ಆಗದಂತೆ ಸಾಗಿಹೋಯಿತು. ದೊಡ್ಡದಕ್ಕಿಲ್ಲದ ತೊಂದರೆ ಚಿಕ್ಕದಕ್ಕೇಕೆ? ಆ ದಿನ ನಾನು ಹೇಳಬೇಕೆಂದು ಬರೆದುಕೊಂಡಿದ್ದ ಮಾತುಗಳನ್ನು ಬದಿಗಿಟ್ಟು ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡೆ.

ರೈಲ್‌ಬಸ್ ಎಂದರೆ ಹೆಸರೇ ಹೇಳುವಂತೆ ಹಳಿಯ ಮೇಲೆ ಓಡುವ ಬಸ್ಸು. ಎರಡನೆಯ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿಯ ಹಳ್ಳಿಗಾಡಿನ ಕವಲುಮಾರ್ಗಗಳಲ್ಲಿ ಪ್ರಯಾಣಿಕರು ಕಡಿಮೆಯಾಗಿ, ಉಗಿಬಂಡಿ ಓಡಿಸುವ ಖರ್ಚು ಹುಟ್ಟದಂತಾಯಿತು. ಆಗ ಉರ್ಡಿಂಗೆನ್ ಎಂಬಲ್ಲಿನ ಗಾಡಿ ಕಾರ್ಖಾನೆ, ಬಸ್ಸು ಲಾರಿಗಳಿಗೆ ಹೆಸರಾಗಿದ್ದ ಬ್ಯೂಸಿಂಗ್ ಕಂಪನಿಯ ಡೀಸೆಲ್ ಎಂಜಿನ್ನನ್ನು ನೆಲದಡಿ ಕೂರಿಸಿ, ಎರಡೇ ಆಕ್ಸಲ್‌ಗಳ ಹಗುರ ಗಾಡಿಯೊಂದನ್ನು ರೂಪಿಸಿತು. ಮೊದಲ ಗಾಡಿಗಳು ಬಂದದ್ದು 1950ರಲ್ಲಿ. 1955ರ ಹೊತ್ತಿಗೆ ಎರಡು ಎಂಜಿನ್ನುಗಳ ವಿ.ಟಿ. 98 ಬಂತು. ಎಂಜಿನ್ನಿಲ್ಲದ ಜೊತೆಗಾಡಿಗಳನ್ನೂ ಸೇರಿಸಿದರೆ ಇಂಥವು ಸಾವಿರಕ್ಕೂ ಹೆಚ್ಚು ತಯಾರಾದವು. ಕವಲುಮಾರ್ಗಗಳ ರಕ್ಷಕ ಎಂದೇ ಜರ್ಮನರು ಇದನ್ನು ಕರೆದರು.

ಮಾದರಿ ರೈಲು ತಯಾರಕರಿಗೆ ಇದು ಅಚ್ಚುಮೆಚ್ಚಾದುದರಲ್ಲಿ ಆಶ್ಚರ್ಯವಿಲ್ಲ. ವಿ.ಟಿ. 98ರ ಉದ್ದ 14 ಮೀಟರಿಗೆ ತುಸು ಕಡಿಮೆ. ಎಚ್.ಓ. ಎಂಬ ಬಹುಜನಪ್ರಿಯ ಅಳತೆಯಲ್ಲಿ ಎಲ್ಲವನ್ನೂ 87ರಿಂದ ಭಾಗಿಸುತ್ತಾರೆ. ಹಾಗೆ ಮಾಡಿದರೆ ಸಿಗುವುದು 16 ಸೆಂಟಿಮೀಟರ್, ಹೊಸ ಪೆನ್ಸಿಲ್ಲಿಗಿಂತ ಸ್ವಲ್ಪ ಗಿಡ್ಡ. ಹತ್ತು ಬೋಗಿಗಳ ಎಕ್ಸ್‌ಪ್ರೆಸ್ ರೈಲನ್ನು ಇದೇ ಅಳತೆಗೆ ಇಳಿಸಿದರೂ ಅದು 3 ಮೀಟರ್ ಮೀರುತ್ತದೆ. ಅದು ತಿರುಗಲು ಒಂದು ಕೋಣೆಯೇ ಬೇಕು, ಬೋಗಿಗಳನ್ನು ಕೊಳ್ಳಲು ಅಪ್ಪನ ಅರ್ಧ ಸಂಬಳ ಬೇಕು! ರೈಲ್‌ಬಸ್ಸಾದರೋ ಒಂದೇ ಪೊಟ್ಟಣದಲ್ಲಿ ಪೂರ್ತಿ ರೈಲು. ಪುಸ್ತಕದ ಕಪಾಟಿನ ಒಂದು ಹಲಗೆಯೇ ಅದಕ್ಕೆ ಊರು, ನಿಲ್ದಾಣ, ಕವಲುಮಾರ್ಗ ಎಲ್ಲ. ಮೇರ್ಕ್ಲಿನ್, ಫ್ಲೈಷ್‌ಮನ್, ರೋಕೋ ಮುಂತಾದ ಕಂಪನಿಗಳು ಇದನ್ನು ತಮ್ಮ ಪಟ್ಟಿಗೆ ಸೇರಿಸಿಕೊಂಡದ್ದು ಈ ಕಾರಣಕ್ಕೇ.

ಆದರೆ ಕೊಳ್ಳುವವನಿಗೆ ಸುಲಭವಾದದ್ದು ತಯಾರಿಸುವವನಿಗೆ ಸುಲಭವಲ್ಲ. ಉದ್ದವನ್ನು 87ರಿಂದ ಭಾಗಿಸಿದಾಗ ಗಾತ್ರ 87ರ ಘನದಿಂದ, ಅಂದರೆ 6,58,503ರಿಂದ ಕುಗ್ಗುತ್ತದೆ. ನಿಜವಾದ ಗಾಡಿ 20 ಟನ್ ಎಂದಿಟ್ಟುಕೊಳ್ಳಿ. ಅದೇ ಲೋಹಗಳಿಂದ, ಅದೇ ಪ್ರಮಾಣದಲ್ಲಿ ಮಾಡಿದ ಮಾದರಿಯ ತೂಕ ಕೇವಲ 30 ಗ್ರಾಂ! ಹಳಿಯಿಂದ ಗಾಲಿಗೆ ವಿದ್ಯುತ್ತು ಹರಿಯಬೇಕಾದರೆ ಗಾಲಿ ಹಳಿಯನ್ನು ಒತ್ತಿ ಹಿಡಿದಿರಬೇಕು, ನಡುವೆ ಧೂಳಿನ ಕಣವಿದ್ದರೆ ಅದನ್ನು ಅರೆದು ಹೋಗಬೇಕು. ಅಷ್ಟು ಹಗುರವಾದುದಕ್ಕೆ ಆ ಶಕ್ತಿಯಿಲ್ಲ. ಆದ್ದರಿಂದ ತಯಾರಕರು ಗಾಡಿಯ ತಳವನ್ನು ಗಟ್ಟಿ ಲೋಹದಲ್ಲಿ ಎರಕ ಹೊಯ್ದು ಬೇಕೆಂದೇ ತೂಕ ಕೂಡಿಸುತ್ತಾರೆ.

ಇನ್ನು ಗಾಲಿಗಳ ವಿಷಯ. ನಾಲ್ಕು ಕಾಲಿನ ಮೇಜು ಏರುಪೇರಾದ ನೆಲದ ಮೇಲೆ ಕುಂಟುತ್ತದೆ, ಮೂರು ಕಾಲಿನ ಮುಕ್ಕಾಲಿ ಎಂದೂ ಕುಂಟುವುದಿಲ್ಲ. ಏಕೆಂದರೆ ಮೂರು ಬಿಂದುಗಳು ಯಾವಾಗಲೂ ಒಂದು ಸಮತಲದಲ್ಲಿರುತ್ತವೆ, ನಾಲ್ಕನೆಯದರ ಮೇಲೆ ಆ ಭರವಸೆಯಿಲ್ಲ. ರೈಲ್‌ಬಸ್ಸಿಗೆ ಇರುವುದೇ ನಾಲ್ಕು ಗಾಲಿಗಳು. ಹಳಿ ಕೂದಲೆಳೆಯಷ್ಟು ಏರುಪೇರಾದರೂ ಒಂದು ಗಾಲಿ ಗಾಳಿಯಲ್ಲಿ ತೇಲುತ್ತದೆ. ನಮ್ಮ ಮೇಜಿನ ಮೇಲಿನ ಕವಲು ಹಳಿಯ ನಡುಭಾಗ ಪ್ಲಾಸ್ಟಿಕ್ಕಿನದು, ಅಲ್ಲಿ ವಿದ್ಯುತ್ತಿಲ್ಲ. ಬಲಬದಿಯ ಒಂದು ಗಾಲಿ ಪ್ಲಾಸ್ಟಿಕ್ಕಿನ ಮೇಲೆ, ಇನ್ನೊಂದು ಗಾಳಿಯಲ್ಲಿ. ಅಲ್ಲಿಗೆ ಆ ಬದಿಯ ಸಂಪರ್ಕವೇ ಕಡಿಯಿತು. ಎಂಟು ಗಾಲಿಗಳ ಎಂಜಿನ್ನಿಗೆ ಇನ್ನೂ ಎರಡು ಗಾಲಿಗಳ ಆಸರೆ ಅಲ್ಲಿ ಉಳಿದಿತ್ತು, ಅದು ದಾಟಿತು. ಸ್ಟುಡಿಯೋದ ಧೂಳೂ ತನ್ನ ಪಾಲಿನ ಕೆಲಸ ಮಾಡಿತ್ತೆನ್ನಿ. ಸ್ಪಿರಿಟ್ಟಿನಲ್ಲಿ ಒರೆಸಿದ ಮೇಲೆ ಪರವಾಗಿಲ್ಲ ಎನ್ನುವಷ್ಟು ಓಡಿತು, ನೀವು ಪರದೆಯ ಮೇಲೆ ಕಂಡದ್ದು ಆ ಓಟವನ್ನು.

ಇದಕ್ಕೆ ಪರಿಹಾರಗಳಿವೆ. ಒಂದು ಆಕ್ಸಲ್ಲನ್ನು ಮಧ್ಯದಲ್ಲಿ ಮಾತ್ರ ಆನಿಸಿ, ತಕ್ಕಡಿಯ ದಂಡದಂತೆ ಓಲಾಡಲು ಬಿಟ್ಟರೆ ಗಾಡಿ ಮುಕ್ಕಾಲಿಯಾಗುತ್ತದೆ. ಮೇರ್ಕ್ಲಿನ್‌ನ ದಾರಿಯೇ ಬೇರೆ. ಅವರ ಹಳಿಗಳ ನಡುವೆ ಸಾಲಾಗಿ ಲೋಹದ ಮೊಳೆಗಳಿರುತ್ತವೆ, ಗಾಡಿಯ ಹೊಟ್ಟೆಯಡಿಯ ಉದ್ದನೆಯ ಪಟ್ಟಿಯೊಂದು ಅವುಗಳ ಮೇಲೆ ಜಾರುತ್ತ ವಿದ್ಯುತ್ತನ್ನು ಪಡೆಯುತ್ತದೆ. ಎರಡೂ ಹಳಿಗಳು ವಿದ್ಯುತ್ತು ಮರಳಲು ಮಾತ್ರ. ನೋಡಲು ಅಷ್ಟು ಸಹಜವಲ್ಲದಿದ್ದರೂ ಎರಡು ಆಕ್ಸಲ್ಲಿನ ಗಾಡಿಗೆ ಇದು ವರದಾನ.

ತಿರುವೂ ಒಂದು ಪರೀಕ್ಷೆಯೇ. ವಿ.ಟಿ. 98ರ ಎರಡು ಆಕ್ಸಲ್‌ಗಳ ನಡುವಿನ ಅಂತರ 6 ಮೀಟರ್, ಮಾದರಿಯಲ್ಲಿ 69 ಮಿಲಿಮೀಟರ್. ಮನೆಯ ಮೇಜಿನ ಮೇಲಿನ ಬಿಗಿ ತಿರುವಿನ ತ್ರಿಜ್ಯ 360 ಮಿಲಿಮೀಟರ್. 87ರಿಂದ ಗುಣಿಸಿ ನೋಡಿ, ಕೇವಲ 31 ಮೀಟರ್. 180 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಾಲಿ ಹಳಿಗೆ ಸುಮಾರು 1 ಡಿಗ್ರಿ ಓರೆಯಾಗಿ ನಿಂತರೆ, ನಮ್ಮ ಮೇಜಿನ ಮೇಲೆ 5 ಡಿಗ್ರಿಗೂ ಹೆಚ್ಚು ಓರೆಯಾಗುತ್ತದೆ.

ಮೋಟರನ್ನು ಅಡಗಿಸುವುದಂತೂ ತಯಾರಕರಿಗೆ ಹಳೆಯ ತಲೆನೋವು. ಉಗಿಬಂಡಿಗೆ ದಪ್ಪ ಬಾಯ್ಲರ್ ಇದೆ, ರೈಲ್‌ಬಸ್ಸಿಗೆ ಸುತ್ತಲೂ ಕಿಟಕಿ. ಪ್ರಯಾಣಿಕರು ಕೂರುವ ಜಾಗದಲ್ಲಿ ಮೋಟರು ಕುಳಿತರೆ ಮಕ್ಕಳೂ ನಗುತ್ತಾರೆ. ಈ ತಲೆನೋವು ಎಷ್ಟು ಹಳೆಯದೆಂದರೆ, ಬ್ರಿಟನ್ನಿನ ಮಾದರಿ ರೈಲುಗಳ ವಿಚಿತ್ರ ಅಳತೆಯೇ ಇದರಿಂದ ಹುಟ್ಟಿತು. ಅಲ್ಲಿನ ರೈಲುಗಳು ಯೂರೋಪಿನವಕ್ಕಿಂತ ಕಿರಿದು. ಅಂದಿನ ಮೋಟರುಗಳು ಹಿಡಿಸಲಿ ಎಂದು ಗಾಡಿಯನ್ನು 76ನೆಯ ಒಂದು ಪಾಲಿಗೆ ಹಿಗ್ಗಿಸಿ, ಹಳಿಯನ್ನು ಮಾತ್ರ ಎಚ್.ಓ.ದ 16.5 ಮಿಲಿಮೀಟರಿನಲ್ಲೇ ಉಳಿಸಿದರು. ದೊಡ್ಡ ಮೈಗೆ ಚಿಕ್ಕ ಚಪ್ಪಲಿ ತೊಡಿಸಿದಂತೆ. ನನಗಂತೂ ಇದು ಇಂದಿಗೂ ಸರಿಕಾಣದು.

ಅದೇ ಬ್ರಿಟನ್ನಿನಲ್ಲಿ 1958ರ ಸುಮಾರಿಗೆ ಐದು ಕಾರ್ಖಾನೆಗಳಿಂದ ಒಟ್ಟು 22 ರೈಲ್‌ಬಸ್‌ಗಳನ್ನು ತರಿಸಿ ಪರೀಕ್ಷಿಸಿದರು. ಪ್ರಯೋಗ ಫಲಿಸಲಿಲ್ಲ, ಆ ಮಾರ್ಗಗಳಲ್ಲಿ ಹಲವು 1960ರ ದಶಕದಲ್ಲಿ ಮುಚ್ಚಿದವು. ಪಾರ್ಕ್ ರಾಯಲ್ ಎಂಬ ಬಸ್ ತಯಾರಕರು ಕಟ್ಟಿದ ಐದರಲ್ಲಿ ಒಂದೂ ಉಳಿಯಲಿಲ್ಲ, ಎಲ್ಲವೂ ಗುಜರಿಗೆ ಹೋದವು. ಆದರೆ ಏರ್‌ಫಿಕ್ಸ್ ಕಂಪನಿ ಅಗ್ಗದ ಪ್ಲಾಸ್ಟಿಕ್ ಬಿಡಿಭಾಗಗಳ ಪೊಟ್ಟಣವಾಗಿ ಅದರ ಮಾದರಿಯನ್ನು ಮಾರಿತ್ತು. ಆ ಅಚ್ಚುಗಳು ಮುಂದೆ ಡಾಪೋಲ್ ಕಂಪನಿಯ ಕೈಸೇರಿ, ಮಾದರಿ ಮತ್ತೆ ಅಂಗಡಿಗೆ ಬಂತು. ಅಸಲು ಸತ್ತು, ನಕಲು ಬದುಕಿತು.

ನಮ್ಮಲ್ಲಿಯೂ ರೈಲ್‌ಬಸ್ ಇತ್ತು. 1990ರ ದಶಕದಲ್ಲಿ ಬೆಂಗಳೂರಿನ ಬಿ.ಇ.ಎಂ.ಎಲ್. ಕಾರ್ಖಾನೆ ಭಾರತೀಯ ರೈಲ್ವೆಗೆ ಇಂಥ ಗಾಡಿಗಳನ್ನು ನಿರ್ಮಿಸಿಕೊಟ್ಟಿತು. ಬಂಗಾರಪೇಟೆ–ಕೋಲಾರ ಮತ್ತು ಶಿವಮೊಗ್ಗ–ತಾಳಗುಪ್ಪ ಮಾರ್ಗಗಳಲ್ಲಿ ಅದು ಓಡಿದ್ದನ್ನು ನಿಮ್ಮ ತಂದೆ ತಾಯಿ ಕಂಡಿರಬಹುದು. ಇದರ ಮಾದರಿ ಮಾಡಹೊರಟವನಿಗೆ ಮೊದಲ ತೊಡಕು ಹಳಿಯದೇ. ನಮ್ಮ ಬ್ರಾಡ್ ಗೇಜಿನ 1,676 ಮಿಲಿಮೀಟರನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ, 16.5ರ ಹಳಿಗೆ ಅದು ಹೊಂದದು. ತಾಳಗುಪ್ಪದ್ದು ಮೀಟರ್ ಗೇಜ್, ಅದಕ್ಕೆ 11.5 ಬೇಕು. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳ ಮಾದರಿಗೆಂದು ಸಿಗುವ 12 ಮಿಲಿಮೀಟರ್ ಹಳಿ ಹೊಂದುತ್ತದೆ. ಆದ್ದರಿಂದ ನನ್ನ ಆಯ್ಕೆ ತಾಳಗುಪ್ಪವೇ.

ಕಾಲೇಜಿನಲ್ಲಿದ್ದಾಗ ಸಾಗರದಿಂದ ತಾಳಗುಪ್ಪಕ್ಕೆ ಆ ರೈಲ್‌ಬಸ್ಸಿನಲ್ಲಿ ಹೋಗಿದ್ದೆ. ಭೌತಶಾಸ್ತ್ರದ ವಿದ್ಯಾರ್ಥಿಯಾಗಿದ್ದೂ ಕಿಟಕಿಗಳನ್ನು ಎಣಿಸಲಿಲ್ಲ, ಒಂದು ಅಳತೆ ತೆಗೆದುಕೊಳ್ಳಲಿಲ್ಲ. ಆ ಮೀಟರ್ ಗೇಜ್ ಹಳಿ ಈಗಿಲ್ಲ, ಬ್ರಾಡ್ ಗೇಜ್ ಆಗಿದೆ. ನನ್ನ ಬಳಿ ಉಳಿದಿರುವುದು ಒಂದೇ ಫೋಟೋ. ಬಾಗಿಲ ಬಳಿ ಗೆಳೆಯ ನಿಂತಿದ್ದಾನೆ, ಅವನ ಎತ್ತರ ಐದಡಿ ಏಳಂಗುಲ. ಅದನ್ನೇ ಅಳತೆಗೋಲು ಮಾಡಿಕೊಂಡು ಬಾಗಿಲಿನ ಎತ್ತರ ಲೆಕ್ಕ ಹಾಕಿದ್ದೇನೆ. ಆದರೆ ಫೋಟೋ ಓರೆಯಾಗಿ ತೆಗೆದದ್ದು, ಉದ್ದ ದಕ್ಕುತ್ತಿಲ್ಲ. ಪಕ್ಕದಿಂದ ನೇರವಾಗಿ ತೆಗೆದ ಚಿತ್ರ ನಿಮ್ಮ ಮನೆಯ ಆಲ್ಬಮ್ಮಿನಲ್ಲಿದ್ದರೆ ದಯವಿಟ್ಟು ನಮ್ಮ ಸ್ಟುಡಿಯೋಗೆ ಕಳುಹಿಸಿ. ಪ್ರತಿ ತೆಗೆದುಕೊಂಡು ಜೋಪಾನವಾಗಿ ಹಿಂದಿರುಗಿಸುವ ಹೊಣೆ ನನ್ನದು.