ಧ್ವನಿಮುದ್ರಿಕೆಯೂ ಒಂದು ಓಲೆಗರಿ

ಪದ್ಯವೊಂದು ಪುಸ್ತಕದಲ್ಲಿ ಅಚ್ಚಾಗಿರುವಾಗ ಅದರ ಒಡೆಯ ಕವಿ. ಅದನ್ನೇ ಗಾಯಕನೊಬ್ಬ ರಾಗಕ್ಕೆ ಅಳವಡಿಸಿ ಹಾಡಿದಾಗ ಆ ಒಡೆತನದಲ್ಲಿ ಅವನಿಗೂ ಒಂದು ಪಾಲು ಸಲ್ಲುತ್ತದೆ. ಇನ್ನು ಸಾವಿರಾರು ಜನ ನೆರೆದ ಬಯಲಿನಲ್ಲಿ ಅದೇ ಪದ್ಯವನ್ನು ಹಾಡಿ, ನೆರೆದವರೂ ದನಿಗೂಡಿಸಿ, ಆ ಹೊತ್ತಿನಲ್ಲಿಯೇ ಅದನ್ನು ಯಂತ್ರವು ಹಿಡಿದಿಟ್ಟುಕೊಂಡರೆ, ಆ ಮುದ್ರಿಕೆಯ ಕರ್ತೃ ಯಾರು? ಶ್ರೋತೃಗಳೇ, ಇಂದಿನ ನನ್ನ ಮಾತು ಈ ಪ್ರಶ್ನೆಯನ್ನು ಕುರಿತದ್ದು.

ನಾನು ಸಂಗೀತಶಾಸ್ತ್ರವನ್ನು ಓದಿದವನಲ್ಲ. ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿ ನಿವೃತ್ತನಾಗಿ, ಈಗ ಹೊಸಕೆರೆಹಳ್ಳಿಯಲ್ಲಿ ನೆಲೆಸಿರುವವನು. ನವೆಂಬರ್ ತಿಂಗಳು ಬಂತೆಂದರೆ ನಮ್ಮ ಬೀದಿಯ ಧ್ವನಿವರ್ಧಕಗಳಲ್ಲಿ ತಪ್ಪದೆ ಕೇಳಿಬರುವ ಕಂಠ ಸಿ. ಅಶ್ವಥ್ ಅವರದು. ಅದರಲ್ಲಿಯೂ 'ಕನ್ನಡವೇ ಸತ್ಯ' ಕಾರ್ಯಕ್ರಮದ ಹಾಡುಗಾರಿಕೆ. 2005ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಈ ಕಾರ್ಯಕ್ರಮಕ್ಕೆ ಕುವೆಂಪು ಅವರ ಕವಿತೆಯೊಂದರ ಮಾತೇ ಹೆಸರಾಯಿತು. ಲಕ್ಷ ಜನ ಸೇರಿದ್ದರೆಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಪಾಶ್ಚಾತ್ಯ ದೇಶಗಳಲ್ಲಿ ರಾಕ್ ಗಾಯಕರಿಗಾಗಿ ಬಯಲುಗಳಲ್ಲಿ ಜನಸಾಗರ ಸೇರುವುದನ್ನು ನಾವು ಕೇಳಿ ಬಲ್ಲೆವು. ಭಾವಗೀತೆಗಾಗಿ, ಅಂದರೆ ಕವಿತೆಗಾಗಿ, ಅಂಥ ನೆರವಿ ಕನ್ನಡನಾಡಿನಲ್ಲಿ ಸೇರಿತೆಂಬುದು ಸಾಹಿತ್ಯದ ವಿದ್ಯಾರ್ಥಿಯ ಪಾಲಿಗೆ ಸಣ್ಣ ಸಂಗತಿಯಲ್ಲ.

ಈ ಸಂಗತಿಯ ಹಿಂದೆ ಒಂದು ದೀರ್ಘ ಸಿದ್ಧತೆಯಿದೆ. ಚನ್ನರಾಯಪಟ್ಟಣದಲ್ಲಿ 1939ರ ಡಿಸೆಂಬರ್ 29ರಂದು ಹುಟ್ಟಿದ ಅಶ್ವಥ್ ಅವರು ದೇವಗಿರಿ ಶಂಕರ ಜೋಶಿಯವರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ದೂರವಾಣಿ ಕಾರ್ಖಾನೆಯಲ್ಲಿ ಬಹುಕಾಲ ನೌಕರಿ ಮಾಡುತ್ತಲೇ ರಂಗಭೂಮಿಗೆ ಸಂಗೀತ ಕೊಟ್ಟರು. ಇತ್ತ 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ ರೂಪದಲ್ಲಿ ಹೊರಬಂದು, ಕವಿತೆ ಪುಸ್ತಕದಂಗಡಿಯಿಂದ ಅಡುಗೆಮನೆಯವರೆಗೆ ನಡೆದು ಬಂದಿತು. ಕೆ.ಎಸ್. ನರಸಿಂಹಸ್ವಾಮಿಯವರ ಮಲ್ಲಿಗೆಯ ಹಾಡುಗಳು, ಶಿಶುನಾಳ ಷರೀಫರ ತತ್ತ್ವಪದಗಳು ಅಶ್ವಥ್ ಅವರ ಕಂಠದಲ್ಲಿ ಮನೆಮನೆಯನ್ನು ಹೊಕ್ಕವು. 1990ರ 'ಸಂತ ಶಿಶುನಾಳ ಷರೀಫ' ಚಲನಚಿತ್ರವಂತೂ ಷರೀಫರಿಗೆ ಅಶ್ವಥ್ ಅವರ ದನಿಯನ್ನೇ ಶಾಶ್ವತವಾಗಿ ಅಂಟಿಸಿಬಿಟ್ಟಿತು. ಹೀಗೆ ಕಾಲು ಶತಮಾನ ಒಬ್ಬೊಬ್ಬರೇ ಮನೆಯಲ್ಲಿ ಕುಳಿತು ಕೇಳಿದ್ದನ್ನು 2005ರಲ್ಲಿ ಎಲ್ಲರೂ ಒಂದೆಡೆ ನಿಂತು ಕೇಳಿದರು.

ಈಗ ಮುದ್ರಣದ ವಿಚಾರ. ಸ್ಟುಡಿಯೋದಲ್ಲಿ ಹಾಡು ಸಿದ್ಧವಾಗುವುದು ಮನೆ ಕಟ್ಟಿದಂತೆ. ಮೊದಲು ತಾಳ, ಅದರ ಮೇಲೆ ವಾದ್ಯ, ಅನಂತರ ಕಂಠ. ಒಂದು ಸಾಲು ಸರಿಬಾರದಿದ್ದರೆ ಅದನ್ನಷ್ಟೇ ಮತ್ತೆ ಹಾಡಿಸಿ ಜೋಡಿಸಬಹುದು. ಬಯಲಿನ ಹಾಡಿಗೆ ಈ ಸೌಕರ್ಯವಿಲ್ಲ. ಅಲ್ಲಿ ಕಂಠ, ವಾದ್ಯ, ಗಾಳಿ, ಜನ ಎಲ್ಲವೂ ಒಟ್ಟಿಗೆ ಬರುತ್ತವೆ. ಶಬ್ದವು ಒಂದು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ವೇದಿಕೆಯಿಂದ 170 ಮೀಟರು ದೂರ ನಿಂತವನಿಗೆ ವೇದಿಕೆಯ ದನಿ ಅರ್ಧ ಸೆಕೆಂಡು ತಡವಾಗಿ ಮುಟ್ಟುತ್ತದೆ. ಅವನ ಚಪ್ಪಾಳೆ ವೇದಿಕೆಗೆ ಮರಳಲು ಇನ್ನರ್ಧ ಸೆಕೆಂಡು ಬೇಕು. ಆದುದರಿಂದ ದೊಡ್ಡ ಬಯಲಿನ ಚಪ್ಪಾಳೆ ಒಂದೇ ಏಟಿಗೆ ಬೀಳುವುದಿಲ್ಲ, ಮಳೆಯಂತೆ ಹತ್ತಿರದಿಂದ ದೂರಕ್ಕೆ ಹಬ್ಬುತ್ತದೆ. ಕಿವಿಗೊಟ್ಟು ಕೇಳಿದರೆ ಮೈದಾನದ ಅಗಲವೇ ಮುದ್ರಿಕೆಯಲ್ಲಿ ಕೇಳಿಸುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಪದ್ಯಕ್ಕೆ ಒದಗುವ ಬದಲಾವಣೆ. ಜನರ ಉತ್ಸಾಹವನ್ನು ಕಂಡು ಗಾಯಕ ಒಂದು ಪದವನ್ನು ಮತ್ತೆ ಮತ್ತೆ ಹಾಡುತ್ತಾನೆ; ಪಲ್ಲವಿಗೆ ಇನ್ನೊಮ್ಮೆ ಮರಳುತ್ತಾನೆ; ಒಂದು ಸಾಲನ್ನು ಜನರಿಗೇ ಬಿಟ್ಟುಕೊಡುತ್ತಾನೆ. ಅರವತ್ತೈದು ತುಂಬಿದ ಅಶ್ವಥ್ ಅವರ ತಾರಸ್ಥಾಯಿಯ ಕರೆಗೆ ಮೈದಾನ ಓಗೊಡುವಾಗ ಹುಟ್ಟುವುದು ಅಚ್ಚಿನ ಪುಸ್ತಕದಲ್ಲಿ ಇಲ್ಲದ ಒಂದು ಪಾಠ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಪಾಠಾಂತರವೆಂದು ಹೆಸರು. 1819ರಿಂದ 1889ರವರೆಗೆ ಬಾಳಿದ ಷರೀಫರ ಪದಗಳು ಅಚ್ಚಿಗೆ ಬರುವ ಮುನ್ನ ಉಳಿದುಬಂದದ್ದೇ ಹಾಡುವವರ ನಾಲಗೆಯ ಮೇಲೆ. ಊರಿಂದೂರಿಗೆ ಅವುಗಳ ಮಾತು ಒಂದಿಷ್ಟು ಬೇರೆ. ಆ ನಾಲಗೆಗಳ ಸಾಲಿನಲ್ಲಿ ಅಶ್ವಥ್ ಅವರದೂ ಒಂದು. ಅವರೊಡನೆ ದನಿಗೂಡಿಸಿದ ಜನರದೂ ಒಂದು. ಓಲೆಗರಿಯ ಪ್ರತಿಯೊಂದನ್ನು ನಾವು ಎಷ್ಟು ಗೌರವದಿಂದ ನೋಡುತ್ತೇವೆಯೋ ಅಷ್ಟೇ ಗೌರವ ಈ ಮುದ್ರಿಕೆಗೂ ಸಲ್ಲಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ.

ಗೌರವವೆಂದರೆ ಪೂಜೆಯಲ್ಲ, ಪರಿಶೋಧನೆ. ಇದಕ್ಕೆ ಹೊರನಾಡಿನ ಒಂದು ಉದಾಹರಣೆ ಕೊಡಬಹುದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬೆತೆಲ್ ಎಂಬಲ್ಲಿ, ಹೈನುಗಾರನೊಬ್ಬನ ಹೊಲದಲ್ಲಿ, 1969ರ ಆಗಸ್ಟ್ ತಿಂಗಳಲ್ಲಿ ವುಡ್‌ಸ್ಟಾಕ್ ಉತ್ಸವ ನಡೆಯಿತು. ನಾಲ್ಕು ಲಕ್ಷದಷ್ಟು ಜನ ಸೇರಿದ್ದರೆಂದು ಅಂದಾಜು. ನಮ್ಮ ರವಿಶಂಕರರೂ ಮೊದಲ ರಾತ್ರಿ ಮಳೆಯ ನಡುವೆ ಅಲ್ಲಿ ಸಿತಾರ್ ನುಡಿಸಿದರು. ಕೊನೆಯ ದಿನ ಸೋಮವಾರ ಬೆಳಿಗ್ಗೆ, ಬಹುಪಾಲು ಜನ ಚದುರಿಹೋದ ಮೇಲೆ, ಜಿಮಿ ಹೆಂಡ್ರಿಕ್ಸ್ ಎಂಬ ರಾಕ್ ಗಾಯಕ ತನ್ನ ದೇಶದ ರಾಷ್ಟ್ರಗೀತೆಯನ್ನು ವಿದ್ಯುತ್ ಗಿಟಾರಿನಲ್ಲಿ ನುಡಿಸಿದ. ವಿಯೆಟ್ನಾಂ ಯುದ್ಧದ ದಿನಗಳವು. ಆ ತಂತಿಗಳ ಚೀರಾಟದಲ್ಲಿ ಬಾಂಬುಗಳ ಸದ್ದನ್ನು ಕೇಳಿದವರು ಅನೇಕರು. ಅಂದು ಎದುರಿಗಿದ್ದವರು ಕೆಲವರೇ. ಆ ನುಡಿಸಾಣಿಕೆ ಲೋಕಪ್ರಸಿದ್ಧವಾದದ್ದು ಮುದ್ರಿಕೆಯಿಂದ ಮತ್ತು ಚಲನಚಿತ್ರದಿಂದ.

ಆ ಉತ್ಸವದ ಮೂರು ತಟ್ಟೆಗಳ ಮುದ್ರಿಕೆ 1970ರಲ್ಲಿ ಪ್ರಕಟವಾಯಿತು. ಆದರೆ ಅದರಲ್ಲಿದ್ದ ಎಲ್ಲ ಹಾಡುಗಳೂ ಆ ಹೊಲದಲ್ಲಿ ಹಾಡಿದವಾಗಿರಲಿಲ್ಲ; ಬೇರೆ ಕಡೆ ಮುದ್ರಿಸಿದ ಕೆಲವು ಹಾಡುಗಳು ಅದರೊಳಗೆ ಸೇರಿಹೋಗಿದ್ದವು. ಗ್ರಂಥಸಂಪಾದನೆಯ ಭಾಷೆಯಲ್ಲಿ ಇದು ಪ್ರಕ್ಷೇಪ. ಅರ್ಧ ಶತಮಾನದ ಅನಂತರ, 2019ರಲ್ಲಿ, ಮೂಲ ಸುರುಳಿಗಳನ್ನೆಲ್ಲ ಹುಡುಕಿ 38 ಅಡಕಮುದ್ರಿಕೆಗಳ ಸಂಪುಟವೊಂದನ್ನು ಹೊರತಂದರು. ಹಾಡುಗಳು ನಡೆದ ಕ್ರಮದಲ್ಲಿಯೇ ಇವೆ. ವೇದಿಕೆಯಿಂದ ಜನರಿಗೆ ಕೊಟ್ಟ ಪ್ರಕಟಣೆಗಳೂ ಇವೆ. ಪಾಠ ಪರಿಷ್ಕರಣವೆಂದರೆ ಇದೇ ಅಲ್ಲವೆ? ಲಿಪಿಕಾರನ ತಪ್ಪು ಒಪ್ಪುಗಳ ಸಮೇತ ಪ್ರತಿಯನ್ನು ಓದುಗನ ಮುಂದಿಡುವ ಪ್ರಾಮಾಣಿಕತೆ ಅಲ್ಲಿ ಕಾಣುತ್ತದೆ.

ನಮ್ಮ ಮೈದಾನದ ಹಾಡಿನ ಗತಿ ಏನಾಗಿದೆ? ನನ್ನ ಕೈಗೆ ಬಂದ ಪ್ರತಿಗಳನ್ನು ನೋಡಿದ್ದೇನೆ. ಒಂದು ಹಾಡಿನ ನಡುವಿನಿಂದ ಆರಂಭವಾಗುತ್ತದೆ. ಇನ್ನೊಂದರಲ್ಲಿ ಚಪ್ಪಾಳೆಯನ್ನು ಕಸವೆಂದು ಭಾವಿಸಿ ಗುಡಿಸಿಹಾಕಿದ್ದಾರೆ. ಮತ್ತೊಂದರಲ್ಲಿ ಸ್ಟುಡಿಯೋದ ಹಾಡಿಗೆ ಮೈದಾನದ ಹೆಸರು ಅಂಟಿಸಿದೆ. ಎಲ್ಲಿಯೂ ತಬಲಾ ನುಡಿಸಿದವರ, ಕೊಳಲು ನುಡಿಸಿದವರ, ಹಿಂದೆ ನಿಂತು ದನಿಗೂಡಿಸಿದವರ ಹೆಸರುಗಳಿಲ್ಲ. ಕವಿಯ ಹೆಸರು ಕೂಡ ಇಲ್ಲದ ಪ್ರತಿಗಳುಂಟು! ಮಕ್ಕಳು ಇವನ್ನು ಕೇಳಿ ಬೆಳೆಯುತ್ತಾರೆ. ಅವರ ಪಾಲಿಗೆ ಹಾಡಿಗೆ ಊರಿಲ್ಲ, ದಿನವಿಲ್ಲ, ಕವಿಯಿಲ್ಲ.

ಅಶ್ವಥ್ ಅವರು 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ತೀರಿಕೊಂಡರು. ಇಲ್ಲಿಗೆ ಸಮೀಪದ ನರಸಿಂಹರಾಜ ಕಾಲೊನಿಯಲ್ಲಿ ಅವರ ಹೆಸರಿನ ಕಲಾಭವನವಿದೆ. ಭವನವನ್ನು ಇನ್ನೊಮ್ಮೆ ಕಟ್ಟಬಹುದು. ಆ ರಾತ್ರಿಯನ್ನು ಇನ್ನೊಮ್ಮೆ ಹಾಡಿಸಲಾಗದು. ಅದೇ ಕವಿತೆಗಳನ್ನು ಇಂದಿನ ತರುಣರು ಗಿಟಾರ್ ಹಿಡಿದು ಹಾಡುತ್ತಿದ್ದಾರೆ. ಷರೀಫರ ಪದ ರಾಕ್ ಸಂಗೀತದ ವೇಷ ತೊಟ್ಟು ಕಡಲು ದಾಟಿದೆ. ಇದರಿಂದ ನನಗೆ ಸಂತೋಷವೇ. ಆದರೆ ಹಿಂದಿನ ಪಾಠ ಶುದ್ಧವಾಗಿ ಉಳಿದಿದ್ದರೆ ಮಾತ್ರ ಹೊಸ ಪಾಠ ಎಲ್ಲಿ ಬೇರೆಯಾಯಿತೆಂದು ತಿಳಿಯುತ್ತದೆ.

ಹಳೆಯ ಓಲೆಗರಿಗಳ ಕೊನೆಯಲ್ಲಿ ಪುಷ್ಪಿಕೆ ಎಂಬುದೊಂದಿರುತ್ತದೆ. ಯಾರ ಕೃತಿ, ಯಾವ ಸಂವತ್ಸರ, ಯಾವ ಊರು, ಬರೆದವರಾರು ಎಂಬುದನ್ನು ಲಿಪಿಕಾರ ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುತ್ತಾನೆ. ಆ ನಾಲ್ಕು ಸಾಲುಗಳಿಂದಲೇ ನಾವು ಸಾಹಿತ್ಯಚರಿತ್ರೆಯ ಎಷ್ಟೋ ಗಂಟುಗಳನ್ನು ಬಿಡಿಸಿದ್ದೇವೆ. ನಮ್ಮ ಮನೆಗಳಲ್ಲಿ ಗಣೇಶೋತ್ಸವದ, ರಾಮೋತ್ಸವದ, ರಾಜ್ಯೋತ್ಸವದ ಕಛೇರಿಗಳನ್ನು ಹಿಡಿದಿಟ್ಟ ಕ್ಯಾಸೆಟ್ಟುಗಳು ಇನ್ನೂ ಇವೆ. ತೇವ ತಗುಲಿದರೆ ಆ ಪಟ್ಟಿಯ ಲೇಪನ ಅಂಟಂಟಾಗಿ ಪುಡಿಯುದುರುತ್ತದೆ. ಅವು ಉದುರುವ ಮುನ್ನ ಬಲ್ಲವರಿಂದ ಪ್ರತಿ ಮಾಡಿಸಿರಿ. ಕೆಮ್ಮು, ಚಪ್ಪಾಳೆ, ಮಗುವಿನ ಅಳು ಇದ್ದರೆ ಇರಲಿ, ಅಳಿಸಬೇಡಿ. ದಿನ, ಸ್ಥಳ, ಕವಿ, ಗಾಯಕ, ಪಕ್ಕವಾದ್ಯದವರು, ಈ ಐದು ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗಿಡಿ. ಮುಂದೆ ಬರುವ ಸಂಪಾದಕನಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.